ಕೊಳದ ದಂಡೆಯ ಅರೆಗೊಯ್ದ ಹುಲ್ಲು

ಶುಕ್ರವಾರ ಬೆಳಿಗ್ಗೆ ಏಳಕ್ಕೇ ಓರಿನ್ ಟ್ಯಾಕೆಟ್ ಬಂದು ವರ್ಡಿ ಸ್ಟ್ಯಾಂಪರಳ ಅಡುಗೆಮನೆಯಲ್ಲಿ ನಿಂತ. ಟೋಪಿ ಕೈಯಲ್ಲಿತ್ತು. ಕೂರು ಅಂದರೂ ಕೂರಲಿಲ್ಲ.

"ಜೂನಿ ಮೇಲೆ ಕೇಸ್ ಹಾಕ್ತಾರಂತೆ, ವರ್ಡಿ. ಡೆಲ್ಬರ್ಟ್ ಸತ್ತಿದ್ದು ಅವಳ ತಪ್ಪಿಂದ ಅಂತ."

ವರ್ಡಿ ಕಾಫಿಯ ಲೋಟವನ್ನು ಅವನ ಕಡೆ ಸರಿಸಿದಳು. ಮೂವತ್ತು ವರ್ಷ ಅವಳು ರೈತರ ವಿಮಾ ಕಂಪನಿಯಲ್ಲಿದ್ದವಳು. ಯಾವ ಟ್ರ್ಯಾಕ್ಟರು ನಿಜವಾಗಿ ಮಗುಚಿತು, ಯಾವುದನ್ನು ಮಗುಚಿಸಿದರು ಎಂದು ಕೆಂಟಕಿಯ ನಾಲ್ಕು ಕೌಂಟಿಗಳಲ್ಲಿ ಮಂಡಿಯೂರಿ ನೋಡಿ ನೋಡಿ ಅವಳ ಮಂಡಿಗಳೇ ಹೋಗಿದ್ದವು. ನಿವೃತ್ತಳಾದ ಮೇಲೂ ಸ್ಲೇಟಿ ಫೋರ್ಕ್ ಕಣಿವೆಯಲ್ಲಿ ಏನಾದರೂ ಬಿಡಿಸಲಾಗದ್ದು ನಡೆದರೆ ಶೆರಿಫನೇ ಅವಳ ಬಾಗಿಲಿಗೆ ಬರುತ್ತಿದ್ದ. ಅವಳನ್ನು ಕರೆದೊಯ್ಯುವ ಕೆಲಸ ಓರಿನನದು. ಮೂವತ್ತನಾಲ್ಕು ವರ್ಷ ಶಾಲೆಯ ಬಸ್ಸು ಓಡಿಸಿದವನಿಗೆ ಅದೇನೂ ಭಾರವಾಗಿರಲಿಲ್ಲ. ಹನ್ನೊಂದು ವರ್ಷ ಜೊತೆಯಲ್ಲಿ ತಿರುಗಿದರೂ ಅವನು ತನಗಾಗಿ ಏನನ್ನೂ ಅವಳಲ್ಲಿ ಕೇಳಿರಲಿಲ್ಲ.

ಜೂನಿ ಅವನ ತಂಗಿಯ ಮಗಳು. ತಾಯಿ ಸತ್ತಾಗ ಒಂಬತ್ತು ವರ್ಷದವಳು, ಓರಿನನೇ ಬೆಳೆಸಿದ್ದ. ಈಗ ಹೆದ್ದಾರಿಯ ಬದಿಯಲ್ಲಿ ಅವಳದೇ ಒಂದು ರಿಪೇರಿ ಅಂಗಡಿಯಿತ್ತು. ಗುರುವಾರ ಸಂಜೆ ಶೆರಿಫ್ ಅದಕ್ಕೆ ಬೀಗ ಹಾಕಿಸಿದ್ದ.

"ಸರಿಯಾಗಿ ಹೇಳು," ಅಂದಳು ವರ್ಡಿ.

ಓರಿನ್ ಹೇಳಿದ. ಡೆಲ್ಬರ್ಟ್ ರೋರ್ಕ್ ಎರಡು ವರ್ಷದ ಹಿಂದೆ ಒಂದೇ ಕಂಪನಿಯ ಎರಡು ಹೈಬ್ರಿಡ್ ಗಾಡಿ ಕೊಂಡಿದ್ದ: ಕೂತು ಓಡಿಸಿ ಹುಲ್ಲು ಕತ್ತರಿಸುವ ಮೋವರ್ ಒಂದು, ಹಿಂದೆ ಪುಟ್ಟ ತೊಟ್ಟಿಯಿರುವ ಎರಡು ಸೀಟಿನ ಬಗ್ಗಿ ಒಂದು. ಪೆಟ್ರೋಲ್ ಎಂಜಿನ್ನೂ ಉಂಟು, ಬ್ಯಾಟರಿಯೂ ಉಂಟು. ಅವನ ಹೆಂಡತಿ ಲಾಟಿಗೆ ಪಾರ್ಶ್ವವಾಯು ಹೊಡೆದ ಮೇಲೆ ಎಂಜಿನ್ ಸದ್ದು ಕೇಳಿದರೆ ತಲೆ ಸಿಡಿಯುತ್ತಿತ್ತು. ಮನೆಯ ಸುತ್ತ ಸದ್ದಿಲ್ಲದೆ ಹುಲ್ಲು ಕತ್ತರಿಸಬೇಕು ಎಂದೇ ಅವನು ಹಳೆಯ ಟ್ರ್ಯಾಕ್ಟರನ್ನು ಮಾರಿ ಇವನ್ನು ತಂದಿದ್ದು. ಹುಲ್ಲು ದಟ್ಟವಾಗಿರುವ ಕಡೆ ಮಾತ್ರ ಎಂಜಿನ್ ಹಾಕುತ್ತಿದ್ದ.

ಬುಧವಾರ ಜೂನಿ ಮೋವರಿನ ಸರ್ವೀಸ್ ಮಾಡಿ ಕೊಟ್ಟಿದ್ದಳು. ಗುರುವಾರ ಮಧ್ಯಾಹ್ನ ಡೆಲ್ಬರ್ಟ್ ಕೊಳದ ದಂಡೆಯ ಹುಲ್ಲು ಕತ್ತರಿಸಲು ಹೋದ. ನಾಲ್ಕರ ತನಕ ಎಂಜಿನ್ ಸದ್ದು ಇಡೀ ಕಣಿವೆಗೆ ಕೇಳಿತ್ತು. ಆಮೇಲೆ ನಿಂತಿತು. ನಾಲ್ಕೂಕಾಲಿಗೆ ಲಾಟಿಯನ್ನು ನೋಡಿಕೊಳ್ಳುವ ಹುಡುಗಿ ಡಾರ್ಲಾ ಅವನಿಗೆಂದು ತಣ್ಣನೆಯ ಚಹಾ ತೆಗೆದುಕೊಂಡು ಹೋದಾಗ ಮೋವರ್ ಮಗುಚಿ ನೀರಿನಂಚಿಗೆ ಬಿದ್ದಿತ್ತು. ಡೆಲ್ಬರ್ಟ್ ಅದರಡಿಯಲ್ಲಿದ್ದ.

"ಬ್ರೇಕಿನ ಸರಳಿಗೆ ಹಾಕೋ ಪಿನ್ನೇ ಇರಲಿಲ್ಲವಂತೆ. ಹಾಕಿದ್ದೆ ಅಂತ ಜೂನಿ ಮೊದಲು ಹೇಳಿದಳು. ರಾತ್ರಿಯಿಡೀ ಯೋಚಿಸಿ ಈಗ, ಹಾಕಿದ್ದೆ ಅನ್ಸುತ್ತೆ, ಅಂತಿದಾಳೆ."

"ನಿನಗೇನು ಅನ್ಸುತ್ತೆ?"

ಓರಿನ್ ಟೋಪಿಯ ಅಂಚನ್ನು ತಿರುಗಿಸುತ್ತ ನಿಂತ. ಬುಧವಾರ ರಾತ್ರಿ ಜೂನಿ ಊಟಕ್ಕೆ ಬಂದಿದ್ದಳು. ಒಂದೇ ದಿನ ನಾಲ್ಕು ಗಾಡಿ ಬಿಚ್ಚಿ ಜೋಡಿಸಿ ಎಷ್ಟು ಸುಸ್ತಾಗಿದ್ದಳೆಂದರೆ ಕಾಫಿಗೆ ಉಪ್ಪು ಹಾಕಿಕೊಂಡು ಇಬ್ಬರೂ ನಕ್ಕಿದ್ದರು. ಆ ನಗು ಈಗ ಅವನ ಎದೆಯಲ್ಲಿ ಮುಳ್ಳಾಗಿತ್ತು.

"ನಾನು ಕೇಳಿಲ್ಲ," ಅಂದ.

*

ಮೋವರನ್ನು ಮೇಲೆತ್ತಿ ದಂಡೆಯ ಮೇಲೆ ನಿಲ್ಲಿಸಿದ್ದರು. ಶೆರಿಫ್ ಡ್ವೇನ್ ಕಾಂಬ್ಸ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ.

"ಓರಿನಣ್ಣ, ನನಗೂ ಇದು ಇಷ್ಟ ಇಲ್ಲ. ಆದರೆ ಪಿನ್ನಿಲ್ಲ. ಇಳಿಜಾರು. ಬ್ರೇಕ್ ಹಿಡಿದಿಲ್ಲ, ಜಾರಿದೆ. ಇನ್ನೇನು ಹೇಳಲಿ?"

"ನಾನು ನಿನ್ನನ್ನ ಬಸ್ಸಿನಿಂದ ಇಳಿಸಿದ್ದು ಒಂದೇ ಸಲ ಕಣೋ, ನೀನು ಇಪ್ಪತ್ತೈದು ವರ್ಷ ಆದಮೇಲೆ ಸೇಡು ತೀರಿಸಿಕೊಳ್ತಿದೀಯ," ಅಂದ ಓರಿನ್. ತಮಾಷೆಗೆ ಹೇಳಹೊರಟಿದ್ದು ಬಿರುಸಾಗಿ ಹೊರಬಿತ್ತು. ಡ್ವೇನ್ ತಲೆ ತಗ್ಗಿಸಿದ.

ವರ್ಡಿ ಅವರ ಮಾತಿಗೆ ಕಿವಿಗೊಡದೆ ಊರುಗೋಲಿನಿಂದ ದಂಡೆಯ ಮೇಲಿನ ಕೊಯ್ದ ಪಟ್ಟೆಗಳನ್ನು ಎಣಿಸುತ್ತಿದ್ದಳು. ಹನ್ನೊಂದಿದ್ದವು. ಅದರಾಚೆ ಹುಲ್ಲು ಮೊಳಕಾಲೆತ್ತರ ಹಾಗೇ ನಿಂತಿತ್ತು.

"ಎಷ್ಟು ಹೊತ್ತು ಕತ್ತರಿಸಿದ ಅಂದೆ, ಡ್ವೇನ್?"

"ಒಂದೂಕಾಲಿನಿಂದ ನಾಲ್ಕರವರೆಗೆ. ಹುಲ್ಲು ದಟ್ಟ ಅಲ್ವಾ ವರ್ಡಿಯಮ್ಮ, ನಿಧಾನ ಆಗಿರುತ್ತೆ."

ಅವಳು ಮೋವರಿನ ಮೀಟರಿನ ಮೇಲೆ ಬಾಗಿ ಓರಿನನನ್ನು ಕರೆದಳು. "ನನ್ನ ಕನ್ನಡಕ ಸಾಲದು. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತಿದೆ?"

"ಇನ್ನೂರ ಹನ್ನೆರಡು ಪಾಯಿಂಟ್ ಏಳು."

"ಬರ್ಕೋ. ಈಗ ಕೆಳಗೆ ಮಲಗಿ ಆ ಪಿನ್ನಿನ ತೂತು ನೋಡು. ಮುಟ್ಟಬೇಡ."

ಓರಿನ್ ಟಾರ್ಚ್ ಹಿಡಿದು ಅಂಗಾತ ಮಲಗಿದ. ಮೋವರಿನ ಹೊಟ್ಟೆಯೆಲ್ಲ ಹುಲ್ಲಿನ ರಸ ಮೆತ್ತಿಕೊಂಡು ಒಣಗಿ ಹಸಿರಾಗಿತ್ತು. ಬ್ರೇಕಿನ ಸರಳೂ ಹಸಿರೇ. ತೂತಿನ ಸುತ್ತ ಮಾತ್ರ ಉಗುರಿನಷ್ಟಗಲ ಉಂಗುರದಂತೆ ಲೋಹ ಹೊಳೆಯುತ್ತಿತ್ತು.

"ಇಲ್ಲೊಂಚೂರು ಮಾತ್ರ ಹೊಸದರ ಹಾಗಿದೆ," ಅಂದ. ಅದರ ಅರ್ಥ ಅವನಿಗೆ ಹೊಳೆಯಲಿಲ್ಲ. ವರ್ಡಿ ಡ್ವೇನನಿಗೆ ಅದರ ಫೋಟೋ ತೆಗೆಯಲು ಹೇಳಿದಳು.

ಕೊಳದಿಂದ ಐವತ್ತು ಹೆಜ್ಜೆಯಾಚೆ, ದೊಡ್ಡ ಕೊಟ್ಟಿಗೆಯ ಮರೆಯಲ್ಲಿ, ಒಂದು ತಗಡಿನ ಸೂರು. ಅದರಡಿಯಲ್ಲಿ ಡೆಲ್ಬರ್ಟನ ಬಗ್ಗಿ ಗಾಡಿ ನಿಂತಿತ್ತು. ಅದರ ಹಿಂದೆ ಗೋಡೆಗೆ ತಾಗಿಸಿ ಟೊಮೇಟೊ ಸಸಿಗಳ ತಟ್ಟೆಯಿಟ್ಟಿದ್ದರು. ಗೋಡೆಯ ಕಡೆಯ ಸಸಿಗಳು ಹಸಿರಾಗಿದ್ದವು. ಬಗ್ಗಿಯ ಕಡೆಯವು ಸುರುಟಿ ಕಂದಾಗಿದ್ದವು.

"ಇಲ್ಲಿ ಯಾರಾದರೂ ಏನಾದರೂ ಮುಟ್ಟಿದ್ರಾ?"

"ಇಲ್ಲಿಗ್ಯಾರು ಬರ್ತಾರೆ? ಡೆಲ್ಬರ್ಟ್ ನಿನ್ನೆ ಬೆಳಿಗ್ಗೆ ನಿಲ್ಲಿಸಿದ್ದು ಹಾಗೇ ಇದೆ," ಅಂದ ಡ್ವೇನ್.

ವರ್ಡಿ ಕರವಸ್ತ್ರ ಸುತ್ತಿದ ಬೆರಳಿಂದ ಕೀಲಿ ತಿರುಗಿಸಿದಳು. ಪರದೆ ಬೆಳಗಿತು: ಬ್ಯಾಟರಿ ಪೂರ್ತಿ ತುಂಬಿತ್ತು. ಅವಳು ಕೀಲಿ ತಿರುಗಿಸಿ ಆರಿಸಿ, ಮನೆಯ ಕಡೆ ನಡೆದಳು.

*

ಲಾಟಿ ಕಿಟಕಿಯ ಪಕ್ಕದ ಗಾಲಿಕುರ್ಚಿಯಲ್ಲಿದ್ದಳು. ಅವಳ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮಾತು ಬರುತ್ತಿತ್ತು, ಆದರೆ ಒಂದೊಂದು ಪದಕ್ಕೂ ಕಾಯಬೇಕು. ನಿನ್ನೆ ಬಂದವರಿಗೆ ಕಾಯುವ ಪುರುಸೊತ್ತಿರಲಿಲ್ಲ. ಎಲ್ಲರೂ ಡಾರ್ಲಾಳನ್ನೇ ಕೇಳಿ ಹೋಗಿದ್ದರು.

ಒಲೆಯ ಹತ್ತಿರ ಗ್ಲೆನ್ ಫ್ಯೂಗೇಟ್ ನಿಂತಿದ್ದ. ಪಕ್ಕದ ಜಮೀನಿನವನು, ಚರ್ಚಿನ ಹಿರಿಯ, ಬೇಲಿಕಂಬಗಳಿಗೆ ಗೆದ್ದಲು ಹಿಡಿಯದಂತೆ ತಾಮ್ರದ ಮದ್ದು ಹೊಡೆದು ಮಾರುವವನು. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರದ ಆಳು. ಅವನೂ ಡೆಲ್ಬರ್ಟನೂ ನಲವತ್ತು ವರ್ಷದ ಗೆಳೆಯರು. ಜೊತೆಯಲ್ಲಿ ನಡೆದು ಹೋದರೆ ಊರವರು ಸುತ್ತಿಗೆ ಮೊಳೆ ಹೊರಟರು ಎಂದು ನಗುತ್ತಿದ್ದರು; ಡೆಲ್ಬರ್ಟ್ ಅಷ್ಟು ಕುಳ್ಳ.

"ಚರ್ಚಿನ ಹಾಲಿನಲ್ಲಿ ಮೀನೂಟಕ್ಕೆ ಮೇಜು ಜೋಡಿಸ್ತಿದ್ದೆ, ವರ್ಡಿ," ಅಂದ ಗ್ಲೆನ್. ಕಣ್ಣು ಕೆಂಪಾಗಿದ್ದವು. "ಮೋವರ್ ಸದ್ದು ಕೇಳ್ತಾನೇ ಇತ್ತು. ಹೆಂಗಸರಿಗೆ ಹೇಳಿದೆ ಕೂಡ, ನೋಡಿ, ಈ ಬಿಸಿಲಲ್ಲೂ ಡೆಲ್ ಬಿಡಲ್ಲ ಅಂತ. ಆ ಹುಡುಗೀನ ನಾನು ಬಯ್ಯಲ್ಲ. ಯಾರಿಗಾದರೂ ಮರೆವು ಬರುತ್ತೆ."

ಓರಿನನಿಗೆ ಆ ಕರುಣೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಗ್ಲೆನ್ ಹೊರಟ ಮೇಲೆ ವರ್ಡಿ ಕುರ್ಚಿ ಎಳೆದುಕೊಂಡು ಲಾಟಿಯ ಎದುರು ಕೂತಳು. "ನೀನು ಏನು ಕೇಳಿಸ್ಕೊಂಡೆ, ಲಾಟಿ? ನಿಧಾನವಾಗಿ ಹೇಳು. ನನಗೆ ಬೇರೆ ಕೆಲಸ ಇಲ್ಲ."

ಲಾಟಿ ಬಹಳ ಹೊತ್ತು ತುಟಿ ಕೂಡಿಸಿದಳು. "ಎರಡಕ್ಕೆ... ಮುಂಚೆ... ನಿಲ್ಲಿಸ್ತೀನಿ ಅಂದ. ನಾನು ಮಲಗ್ತೀನಿ... ಅಂತ."

"ನಿಲ್ಲಿಸಿದನಾ?"

"ನಿಂತಿತು. ಮುಗೀತು... ಅಂದ್ಕೊಂಡೆ. ಆಮೇಲೆ... ಮತ್ತೆ." ಅವಳ ಕಣ್ಣಲ್ಲಿ ನೀರಾಡಿತು. "ಡೆಲ್... ಹಂಗೆ ಮಾಡೋನಲ್ಲ."

"ಮತ್ತೆ ಶುರುವಾದ ಸದ್ದು ಮೊದಲಿನ ಹಾಗೇ ಇತ್ತಾ?"

"ಅದೇ... ಎಂಜಿನ್ನು. ಆದರೆ... ಒಂದೇ ಸಮ. ಏರಿಲ್ಲ... ಇಳಿದಿಲ್ಲ."

ಡಾರ್ಲಾ ತಾನು ಎರಡಕ್ಕೆ ಬಂದಾಗಲೂ ಸದ್ದಿತ್ತು ಎಂದಳು. ಡೆಲ್ಬರ್ಟ್ ಬೆಳಿಗ್ಗೆಯಿಡೀ ಬಗ್ಗಿಯಲ್ಲಿ ಬೇಲಿ ಸುತ್ತಿದ್ದನಂತೆ. ಬ್ಯಾಟರಿ ತಳ ಕಂಡಿದೆ, ರಾತ್ರಿ ಚಾರ್ಜಿಗೆ ಹಾಕಬೇಕು ಎಂದು ಊಟ ಮಾಡುವಾಗ ಹೇಳಿದ್ದ ಎಂದು ಲಾಟಿ ಸೇರಿಸಿದಳು. ಸಸಿಗಳ ವಿಷಯ ಕೇಳಿದಾಗ ಡಾರ್ಲಾಳ ಮುಖ ಸಣ್ಣದಾಯಿತು. "ಬುಧವಾರ ಸಂಜೆ ನಾನೇ ಅಲ್ಲಿಟ್ಟಿದ್ದು, ನೆರಳು ಅಂತ. ಎಷ್ಟು ಚೆನ್ನಾಗಿದ್ವು!"

ಮಾತಾಡುತ್ತಲೇ ಅವಳು ಬಾಟಲಿ ನೀರನ್ನು ಬಗ್ಗಿಸಿ ಲಾಟಿಗೆ ಕೊಟ್ಟಳು. ಮೂಲೆಯಲ್ಲಿ ಬಾಟಲಿಗಳ ಮೂರು ಕಟ್ಟಿದ್ದವು.

"ಒರತೆ ಬತ್ತಿತಾ?" ವರ್ಡಿ ಕೇಳಿದಳು. ರೋರ್ಕರ ಮನೆಯ ನಲ್ಲಿಗೆ ಬೆಟ್ಟದ ಒರತೆಯ ನೀರೇ ಬರುತ್ತಿತ್ತು. ಡೆಲ್ಬರ್ಟನಿಗೆ ಅದರದ್ದೇ ಹೆಮ್ಮೆ.

"ಇಲ್ಲ. ಮಂಗಳವಾರ ಬೇಲಿ ಕಡೆಯಿಂದ ಬಂದವರೇ, ಇನ್ನುಮೇಲೆ ನಲ್ಲಿ ನೀರು ಯಾರೂ ಮುಟ್ಟಬೇಡಿ ಅಂದ್ರು. ಯಾಕೆ ಅಂದ್ರೆ, ಭಾನುವಾರ ಆದಮೇಲೆ ಹೇಳ್ತೀನಿ ಅಂದ್ರು."

ವರ್ಡಿ ಎದ್ದಳು. "ಓರಿನ್, ಕೈಗವಸು ಹಾಕ್ಕೋ. ನನ್ನನ್ನ ಬಗ್ಗೀಲಿ ಬೇಲಿ ಸುತ್ತಿಸು."

ಓರಿನ್ ಬಗ್ಗಿಯೇರಿ ಕೂತ, ಕಾಲು ಚಾಚಿದ, ಹೊರಟ. ಅವನೂ ಆರಡಿಯ ಮೇಲಿನವನು. ಬ್ಯಾಟರಿಯಲ್ಲಿ ಓಡುವಾಗ ಟೈರಿನಡಿಯ ಕಲ್ಲುಗಳ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಎದುರಿಗೆ ಬಂದ ಜಿಂಕೆಯೊಂದು ಹತ್ತು ಹೆಜ್ಜೆಯಷ್ಟು ಹತ್ತಿರವಾಗುವ ತನಕ ತಲೆಯೆತ್ತಲಿಲ್ಲ.

"ಆರಾಮಾಗಿ ಕೂತಿದೀಯ," ಅಂದಳು ವರ್ಡಿ ಅವನ ಮಂಡಿಗಳನ್ನು ನೋಡುತ್ತ.

"ಹೌದು, ಒಳ್ಳೇ ಸೀಟು."

ಮೇಲಿನ ಬೇಲಿಯ ಪಕ್ಕ ಟೈರಿನ ಗುರುತುಗಳು ಒಂದು ಕಡೆ ತಿರುಗಿ ನಿಂತಿದ್ದವು. ಅಲ್ಲಿ ನೆಲ ಕುಸಿದು ಬಾವಿಯಂಥ ಗುಂಡಿಯಾಗಿತ್ತು; ಸುಣ್ಣಕಲ್ಲಿನ ಈ ಬೆಟ್ಟಗಳಲ್ಲಿ ಅಂಥ ಗುಂಡಿಗೆ ಬಿದ್ದ ನೀರು ಒಳದಾರಿಯಲ್ಲಿ ಹರಿದು ಕೆಳಗಿನ ಒರತೆಯಲ್ಲಿ ಏಳುತ್ತದೆ. ಗುಂಡಿಯ ಅಂಚಿನಲ್ಲಿ ಗಿಡಗಳು ಸತ್ತಿದ್ದವು. ಕಲ್ಲುಗಳ ಮೇಲೆ ತಾಮ್ರದ ಪಾತ್ರೆಯ ಕಿಲುಬಿನಂಥ ಹಸಿರು. ಕೆಳಗೆ ಎಲೆಗಳ ನಡುವೆ ನೀಲಿ ಪೀಪಾಯಿಗಳ ತಳ ಕಾಣುತ್ತಿತ್ತು.

ಓರಿನ್ ಗಾಡಿ ನಿಲ್ಲಿಸಿದ. "ಇದು ಕಂಬಕ್ಕೆ ಹೊಡೆಯೋ ಮದ್ದು, ವರ್ಡಿ."

"ಹೌದು. ಈಗ ಏನೂ ಹೇಳಬೇಡ. ಜೂನಿಗೂ ಹೇಳಬೇಡ."

ಹಿಂದಿರುಗುವಾಗ ಚರ್ಚಿನ ಹಾಲಿನಲ್ಲಿ ಐದು ನಿಮಿಷ ನಿಂತರು. ಪಾತ್ರೆ ತೊಳೆಯುತ್ತಿದ್ದ ಮುದುಕಿಯೊಬ್ಬಳು ಗ್ಲೆನ್‌ನ ಹೆಸರೆತ್ತಿದ್ದೇ ಮೂಗು ಮುರಿದಳು. "ಒಂದೂವರೆಗೆ ಬರ್ತೀನಿ ಅಂದೋನು ಎರಡೂಕಾಲಿಗೆ ಬಂದ. ಪ್ಯಾಂಟು ಮಂಡಿ ತನಕ ಒದ್ದೆ. ಹಳ್ಳ ದಾಟಿ ಬಂದೆ ಅಂದ. ಬಂದಮೇಲೆ ಮೇಜು ಜೋಡಿಸೋದು ಬಿಟ್ಟು, ಮೋವರ್ ಕೇಳಿ ಮೋವರ್ ಕೇಳಿ ಅಂತಿದ್ದ. ನಮಗೇನು ಕಿವಿ ಇಲ್ವಾ?"

ಆ ರಾತ್ರಿ ಓರಿನ್ ಜೂನಿಯ ಮನೆಗೆ ಹೋದ. ಅವಳು ಸರ್ವೀಸ್ ಚೀಟಿಯನ್ನು ಮುಂದಿಟ್ಟುಕೊಂಡು ಕೂತಿದ್ದಳು. ತೈಲ, ಬ್ಲೇಡು, ಬ್ರೇಕು, ಎಲ್ಲಕ್ಕೂ ಟಿಕ್ ಇತ್ತು. "ಟಿಕ್ ಹಾಕೋದು ಅಭ್ಯಾಸ ಮಾಮ. ಕೈ ತಾನಾಗೇ ಹಾಕುತ್ತೆ," ಅಂದಳು. ಓರಿನ್ ಅವಳ ಪಕ್ಕ ಕೂತ. ಕೇಳಬೇಕಾದ ಒಂದು ಪ್ರಶ್ನೆ ನಾಲಿಗೆಯ ತುದಿಯಲ್ಲೇ ಉಳಿಯಿತು. ಚೀಟಿಯನ್ನು ಮಾತ್ರ ವರ್ಡಿಗೆ ಬೇಕಂತೆ ಎಂದು ಕೇಳಿ ತೆಗೆದುಕೊಂಡ.

*

ಶನಿವಾರ ಮಧ್ಯಾಹ್ನ ಮಣ್ಣು ಮುಗಿಸಿ ಬಂದವರೆಲ್ಲ ಊಟ ಮಾಡಿ ಹೋದ ಮೇಲೆ ವರ್ಡಿ ಕೆಲವರನ್ನು ಲಾಟಿಯ ಅಡುಗೆಮನೆಯಲ್ಲಿ ಉಳಿಸಿಕೊಂಡಳು. ಮೇಜಿನ ಮೇಲೆ ಅರ್ಧ ಕೊಯ್ದ ಹ್ಯಾಮ್, ನೆರೆಯವರು ತಂದ ಬಟಾಣಿ, ಜೋಳದ ರೊಟ್ಟಿ. ಯಾರೂ ಮುಟ್ಟುತ್ತಿರಲಿಲ್ಲ. ಡ್ವೇನ್ ಬಾಗಿಲ ಬಳಿ ನಿಂತಿದ್ದ. ಗ್ಲೆನ್ ಕರಿಕೋಟಿನಲ್ಲಿ ಮೇಜಿನ ತುದಿಗೆ ಕೂತಿದ್ದ. ಜೂನಿ ಒಲೆಯ ಪಕ್ಕದ ಮೂಲೆಯಲ್ಲಿ, ಯಾರ ಮುಖವನ್ನೂ ನೋಡದೆ ನಿಂತಿದ್ದಳು. ಡಾರ್ಲಾ ಲಾಟಿಯ ಕುರ್ಚಿಯ ಹಿಂದೆ. ಓರಿನ್ ಕಿಟಕಿಯ ಕಟ್ಟೆಗೆ ಒರಗಿದ.

ವರ್ಡಿ ಬಾಯಿ ತೆರೆಯುವ ಮುನ್ನವೇ ಕೊಳದ ಕಡೆಯಿಂದ ಎಂಜಿನ್ ಸದ್ದು ಕೇಳಿಬಂತು.

"ಇವತ್ತಿನ ದಿನ ಯಾರು ಹುಲ್ಲು ಕತ್ತರಿಸ್ತಿರೋದು?" ಡಾರ್ಲಾ ಗಾಬರಿಯಾದಳು.

ಲಾಟಿಯ ಎಡಗೈ ಮೇಲೆದ್ದಿತು. "ಇದೇ... ಇದೇ ಸದ್ದು. ಎರಡನೇ ಸಲದ್ದು."

ಗ್ಲೆನ್ ಕಿಟಕಿಯ ಕಡೆ ತಿರುಗಲಿಲ್ಲ. ಎಲ್ಲರೂ ತಿರುಗಿದರು, ಅವನೊಬ್ಬ ತಿರುಗಲಿಲ್ಲ.

"ಮೋವರ್ ಡ್ವೇನನ ಸ್ಟೇಷನ್ನಿನಲ್ಲಿದೆ," ಅಂದಳು ವರ್ಡಿ. "ಈ ಸದ್ದು ಬಗ್ಗಿಯದು. ಎರಡಕ್ಕೂ ಒಂದೇ ಎಂಜಿನ್. ಡ್ವೇನನ ಕೈಕೆಳಗಿನ ಡೆಪ್ಯೂಟಿಗೆ ಅದನ್ನ ಚಾರ್ಜಿಗೆ ಹಾಕು ಅಂದಿದ್ದೆ. ಜೂನಿ, ಚಾರ್ಜಿಗೆ ಹಾಕೋದು ಅಂದ್ರೇನು, ಹೇಳಮ್ಮ."

ಜೂನಿಯ ಧ್ವನಿ ಕ್ಷೀಣವಾಗಿತ್ತು. "ಗಾಡಿ ನಿಂತಲ್ಲೇ ಇರುತ್ತೆ. ಎಂಜಿನ್ ಓಡಿ ಬ್ಯಾಟರಿ ತುಂಬಿಸುತ್ತೆ. ತುಂಬಿದ್ಮೇಲೆ ತಾನಾಗೇ ಆಫ್ ಆಗುತ್ತೆ. ಪೂರ್ತಿ ಖಾಲಿಯಿದ್ರೆ ಎರಡು ಗಂಟೆ."

"ಸೀಟಿನ ಮೇಲೆ ಯಾರಾದರೂ ಇರಬೇಕಾ?"

"ಬೇಡ."

ವರ್ಡಿ ಚೀಟಿಯನ್ನು ಮೇಜಿನ ಮೇಲಿಟ್ಟಳು. "ಬುಧವಾರ ಜೂನಿ ಗಾಡಿ ಕೊಟ್ಟಾಗ ಎಂಜಿನ್ ಮೀಟರು ಇನ್ನೂರ ಹನ್ನೆರಡು ಪಾಯಿಂಟ್ ಮೂರು ಅಂತ ಬರೆದಿದಾಳೆ. ಮಗುಚಿದ ಮೋವರಿನಲ್ಲಿದ್ದದ್ದು ಪಾಯಿಂಟ್ ಏಳು. ಅಂದ್ರೆ ಆ ಎಂಜಿನ್ ಗುರುವಾರ ಓಡಿದ್ದು ಇಪ್ಪತ್ತನಾಲ್ಕು ನಿಮಿಷ. ಕೊಯ್ದ ಪಟ್ಟೆ ಹನ್ನೊಂದು, ಅದೂ ಅಷ್ಟೇ ಹೊತ್ತಿನ ಕೆಲಸ. ಆದರೆ ಕಣಿವೆಗೆಲ್ಲ ಸದ್ದು ಕೇಳಿದ್ದು ಎರಡೂವರೆ ಗಂಟೆ. ಉಳಿದ ಎರಡು ಗಂಟೆ ಸದ್ದು ಮಾಡಿದ್ದು ಯಾವುದು?"

ಹೊರಗೆ ಎಂಜಿನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

"ಹುಲ್ಲು ಕತ್ತರಿಸೋ ಎಂಜಿನ್ ದಟ್ಟ ಸಿಕ್ಕಾಗ ನರಳುತ್ತೆ, ತೆಳುವಾದಾಗ ಹಗುರಾಗುತ್ತೆ. ಇದು ಏರಲಿಲ್ಲ, ಇಳೀಲಿಲ್ಲ ಅಂತ ಲಾಟಿ ಹೇಳಿದಳು. ಡೆಲ್ಬರ್ಟ್ ತಳ ಕಾಣಿಸಿ ನಿಲ್ಲಿಸಿದ್ದ ಬ್ಯಾಟರಿ ಮರುದಿನ ತುಂಬಿತ್ತು. ಹಿಂದಿದ್ದ ಸಸಿಗಳನ್ನ ಹೊಗೆ ಕೊಳವೆಯ ಬಿಸಿ ಸುಟ್ಟಿತ್ತು. ಇವತ್ತು ಬೆಳಿಗ್ಗೆ ಡ್ವೇನನ ಎದುರಲ್ಲೇ ಜೂನಿ ಬಗ್ಗಿಯ ದಾಖಲೆ ತೆಗೆದಳು. ಚಾರ್ಜ್ ಶುರುವಾಗಿದ್ದು ಗುರುವಾರ ಒಂದು ಐವತ್ತೆರಡಕ್ಕೆ. ನಿಂತಿದ್ದು ಮೂರು ಐವತ್ತನಾಲ್ಕಕ್ಕೆ."

"ಅಂದ್ರೆ ಡೆಲ್ಬರ್ಟ್..." ಡಾರ್ಲಾ ಬಾಯಿಗೆ ಕೈ ಒತ್ತಿಕೊಂಡಳು. "ನಾನು ಬರೋಕೆ ಮುಂಚೇನೇ..."

"ಎರಡು ಗಂಟೆಗೆ ಮುಂಚೇನೇ ಸತ್ತಿದ್ದ, ಮಗು. ನೀನು ಏನೂ ಮಾಡೋಕೆ ಆಗ್ತಿರಲಿಲ್ಲ." ವರ್ಡಿ ಜೂನಿಯ ಕಡೆ ತಿರುಗಿದಳು. "ಇನ್ನು ಪಿನ್ನು. ಮೋವರಿನ ಹೊಟ್ಟೆಯೆಲ್ಲ ಹುಲ್ಲಿನ ರಸ. ಪಿನ್ನಿನ ತೂತಿನ ಸುತ್ತ ಮಾತ್ರ ಒಂದು ಉಂಗುರದಷ್ಟು ಜಾಗ ಶುದ್ಧ. ರಸ ಹಾರ್ತಿದ್ದಾಗ ಆ ಜಾಗವನ್ನ ಏನೋ ಮುಚ್ಚಿಕೊಂಡಿತ್ತು. ಏನು ಅಂತ ನೀನೇ ಹೇಳು."

ಜೂನಿ ಮೊದಲ ಸಲ ತಲೆಯೆತ್ತಿದಳು. "ಪಿನ್ನಿನ ತಲೆ," ಅಂದಳು. "ಹಾಕಿದ್ದೆ. ನಾನು ಹಾಕಿದ್ದೆ."

"ಹಾಕಿದ್ದೆ. ಹುಲ್ಲು ಕತ್ತರಿಸಿ ನಿಂತ ಮೇಲೆ ಯಾರೋ ಅದನ್ನ ಕಿತ್ತು, ಗಾಡೀನ ಡೆಲ್ಬರ್ಟನ ಮೇಲೆ ಮಗುಚಿಸಿದರು. ಕಿತ್ತವನು ಹಳೇ ಟ್ರ್ಯಾಕ್ಟರಿನ ಕಾಲದವನು. ಈ ಮೋವರ್ ಇಳಿಜಾರಿನಲ್ಲಿ ನಿಲ್ಲೋದು ಮೋಟಾರಿನ ಹಿಡಿತದಿಂದ. ಬ್ರೇಕಿರೋದು ಸೀಟಿನಿಂದ ಇಳಿದು ಹೋಗುವಾಗ ಹಾಕೋಕೆ ಮಾತ್ರ. ಪಿನ್ನಿಲ್ಲದಿದ್ರೂ ಗಾಡಿ ಜಾರ್ತಿರಲಿಲ್ಲ ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಬಗ್ಗಿಯ ಚಾರ್ಜಿನ ವಿಷಯ ಮಾತ್ರ ಗೊತ್ತಿತ್ತು."

ಡ್ವೇನ್ ಕೆಮ್ಮಿದ. "ಚಾರ್ಜಿನ ವಿಷಯ ಜೂನಿಗೂ ಗೊತ್ತಲ್ಲ ವರ್ಡಿಯಮ್ಮ."

"ಗುರುವಾರ ಒಂದರಿಂದ ಎರಡೂವರೆ ತನಕ ಜೂನಿ ಪಟ್ಟಣದ ಹಲ್ಲಿನ ಡಾಕ್ಟರ ಕುರ್ಚೀಲಿದ್ದಳು. ಸಾವು ನಾಲ್ಕಕ್ಕೆ ಅಂತ ನಂಬಿದ್ದಕ್ಕೆ ಆ ಹೊತ್ತನ್ನ ಯಾರೂ ಕೇಳಲೇ ಇಲ್ಲ." ವರ್ಡಿ ಮೇಜಿನ ತುದಿಯ ಕಡೆ ತಿರುಗಿದಳು. "ಏಪ್ರಿಲಿನಲ್ಲಿ ಲಾಟಿ ಎರಡು ವಾರ ಆಸ್ಪತ್ರೆಯಲ್ಲಿದ್ದಾಗ ಈ ಮನೆ, ಈ ಗಾಡಿ ನೋಡಿಕೊಂಡದ್ದು ಗ್ಲೆನ್."

ಗ್ಲೆನ್ ನಿಧಾನವಾಗಿ ಅವಳ ಕಡೆ ನೋಡಿದ. "ನೋಡಿಕೊಂಡೆ. ಅದಕ್ಕೆ?"

"ನಿನ್ನೆ ಓರಿನ್ ಬಗ್ಗಿಯೇರಿದ. ಸೀಟು ಹಿಂದಕ್ಕೆ ತಳ್ಳದೆ, ಆರಾಮಾಗಿ ಕಾಲು ಚಾಚಿ ಕೂತ. ಗುರುವಾರ ಬೆಳಿಗ್ಗೆಯಿಡೀ ಅದರಲ್ಲಿ ಕೂತಿದ್ದವನು ಐದಡಿ ಮೂರಂಗುಲದ ಡೆಲ್ಬರ್ಟ್. ಜೂನಿ ಅವನಿಗಿಂತ ಕುಳ್ಳಿ. ಡೆಲ್ಬರ್ಟ್ ಆದಮೇಲೆ ಒಬ್ಬ ಎತ್ತರದವನು ಕೂತು, ಅಭ್ಯಾಸಬಲದಿಂದ ಸೀಟು ಹಿಂದಕ್ಕೆ ತಳ್ಳಿದ. ನೀನು ಚರ್ಚಿಗೆ ಬಂದದ್ದು ಎರಡೂಕಾಲಿಗೆ, ಪ್ಯಾಂಟು ಒದ್ದೆ ಮಾಡಿಕೊಂಡು. ಬಂದಮೇಲೆ ಸದ್ದು ಕೇಳಿ ಅಂತ ಎಲ್ಲರಿಗೂ ಹೇಳಿದೆ. ನಿನ್ನ ಮದ್ದಿನ ಪೀಪಾಯಿಗಳನ್ನ ಡ್ವೇನನ ಜನ ಬೆಳಿಗ್ಗೆ ಗುಂಡಿಯಿಂದ ಎತ್ತಿದಾರೆ, ಗ್ಲೆನ್. ಬಗ್ಗಿಯ ಸೀಟು ಸರಿಸೋ ಹಿಡಿಕೆಯ ಮೇಲೆ ಬೆರಳ ಗುರುತೂ ಸಿಕ್ಕಿದೆ. ನಿನ್ನ ಗುರುತು ತಗೊಳ್ಳೋದೊಂದು ಬಾಕಿ."

ಗ್ಲೆನ್ ತನ್ನ ದೊಡ್ಡ ಕೈಗಳನ್ನು ಮೇಜಿನ ಮೇಲೆ ಹರಡಿ ನೋಡಿಕೊಂಡ. ಹೊರಗಿನ ಎಂಜಿನ್ನನ್ನು ಯಾರೋ ಆರಿಸಿದರು.

"ಸದ್ದೇ ಇರಲಿಲ್ಲ," ಅಂದ ಗ್ಲೆನ್ ಕೊನೆಗೆ. "ಮಂಗಳವಾರ. ಪೀಪಾಯಿ ಉರುಳಿಸಿ ತಿರುಗಿ ನೋಡ್ತೀನಿ, ಬೆನ್ನ ಹಿಂದೆ ಬಗ್ಗೀಲಿ ಕೂತಿದಾನೆ. ಹಳೇ ಟ್ರ್ಯಾಕ್ಟರ್ ಆಗಿದ್ರೆ ಅರ್ಧ ಮೈಲಿಯಿಂದ ಕೇಳಿಸ್ತಿತ್ತು. ಬಯ್ಯಲಿಲ್ಲ ಅವನು. ಭಾನುವಾರದೊಳಗೆ ನೀನೇ ಹೋಗಿ ಒಪ್ಕೋ, ಬೇಕಾದರೆ ನಾನೂ ಜೊತೆಗೆ ಬರ್ತೀನಿ ಅಂದ." ಅವನ ಮುಖ ಹಿಂಡಿದಂತಾಯಿತು. "ಗುರುವಾರ ಇನ್ನೊಂದು ಸಲ ಕೇಳೋಣ ಅಂತಲೇ ಹೋಗಿದ್ದೆ, ದೇವರಾಣೆ. ಸುಮ್ಮನಿರು ಅಂತ ಬೇಡಿಕೊಂಡೆ. ಲಾಟಿ ಈ ನೀರು ಕುಡಿದಿದಾಳೆ ಕಣೋ, ಅಂದ. ಮೋವರ್ ಹತ್ತೋಕೆ ತಿರುಗಿದ. ಬೇಲಿಕಂಬದ ತುಂಡೊಂದು ಅಲ್ಲೇ ಬಿದ್ದಿತ್ತು."

ಡ್ವೇನ್ ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟ. ಗ್ಲೆನ್ ಎದ್ದ. ಆಗ ಲಾಟಿ ಏನೋ ಹೇಳಲು ತುಟಿ ಕೂಡಿಸಿದಳು. ವರ್ಡಿ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದಳು. ಎಲ್ಲರೂ ಕಾದರು.

"ನೀನೂ... ಇಲ್ಲಿ... ನೀರು ಕುಡೀತಿದ್ದೆ," ಅಂದಳು ಲಾಟಿ. "ನಲ್ಲಿಗೆ... ಬಾಯಿಟ್ಟು. ಯಾವಾಗ... ಬಿಟ್ಟೆ?"

ಗ್ಲೆನ್ ನೆಲ ನೋಡಿದ.

"ಮೂರು ವರ್ಷ ಆಯ್ತು," ಅಂದ ಗ್ಲೆನ್.

ಲಾಟಿಗೆ ಪಾರ್ಶ್ವವಾಯು ಹೊಡೆದು ಎರಡೂವರೆ ವರ್ಷವಾಗಿತ್ತು. ಅದಕ್ಕೂ ನೀರಿಗೂ ಸಂಬಂಧವಿತ್ತೋ ಇಲ್ಲವೋ, ಆಮೇಲೂ ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಆ ಹೊತ್ತಿನಲ್ಲಿ ಯಾರೂ ಕೇಳಲೂ ಇಲ್ಲ. ಡಾರ್ಲಾ ಲಾಟಿಯ ಮುಂದೆ ಮಂಡಿಯೂರಿ ಅವಳ ಸತ್ತ ಕೈಯನ್ನು ತನ್ನ ಕೆನ್ನೆಗೊತ್ತಿಕೊಂಡಳು. ವರ್ಡಿ ಕುರ್ಚಿಯಲ್ಲಿ ಕುಸಿದು ಕೂತಳು. ಇಷ್ಟು ವರ್ಷದಲ್ಲಿ ಒಂದು ಕೇಸು ಮುಗಿದ ಮೇಲೆ ಅವಳು ಅಷ್ಟು ಮುದುಕಿಯಾಗಿ ಕಂಡದ್ದನ್ನು ಓರಿನ್ ನೋಡಿರಲಿಲ್ಲ.

ಅವನು ಹೊರಗೆ ಬಂದ. ಜೂನಿ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಶೆರಿಫನ ಕಾರು ಧೂಳೆಬ್ಬಿಸುತ್ತ ಸೇತುವೆಯ ಕಡೆ ಇಳಿಯುತ್ತಿತ್ತು. ಅವನು ಕೆಳಗಿನ ಮೆಟ್ಟಿಲ ಮೇಲೆ ಕೂತ.

"ಮಾಮ," ಅಂದಳು ಜೂನಿ, "ನಾನು ಪಿನ್ನು ಹಾಕಿದ್ದೆ ಅಂತ ನಿನಗೆ ನಂಬಿಕೆ ಇತ್ತಾ?"

ಇತ್ತು ಅನ್ನುವುದು ಎಷ್ಟು ಸುಲಭವಾಗಿತ್ತು. ಓರಿನ್ ಅಂಗೈಗಳನ್ನು ಉಜ್ಜಿಕೊಂಡ.

"ಇರಲಿಲ್ಲ, ಮಗಳೇ."

"ಕೇಳಬಹುದಿತ್ತಲ್ಲ. ಎರಡು ರಾತ್ರಿ ಪಕ್ಕದಲ್ಲೇ ಕೂತಿದ್ದೆ. ಒಂದು ಮಾತು ಕೇಳಲಿಲ್ಲ ನೀನು."

"ಹಾಕಿಲ್ಲ ಅಂದ್ಬಿಟ್ರೆ ಅಂತ ಭಯ ಆಯ್ತು."

ಜೂನಿ ಮೊಣಕೈಗಳನ್ನು ಮಂಡಿಗೂರಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ಏನೋ ಅವನಿಗೆ ತಿಳಿಯಲಿಲ್ಲ. ಆಮೇಲೆ ಅವಳು ಒಂದು ಮೆಟ್ಟಿಲು ಕೆಳಗಿಳಿದು ಅವನ ಪಕ್ಕಕ್ಕೆ ಬಂದು, ತಲೆಯನ್ನು ಅವನ ತೋಳಿಗೆ ಒರಗಿಸಿದಳು.

"ನೀನು ಕೇಳ್ತೀಯೇನೋ ಅಂತ ನಂಗೂ ಭಯ ಇತ್ತು," ಅಂದಳು.